ಕಿವಿಗೆ ವೈರ್ ಇದ್ದರೆ ನಾಚಿಕೆ ಯಾಕೆ?

ಕಳೆದ ಸೆಮಿಸ್ಟರಿನಲ್ಲಿ ನನ್ನ ಮೊದಲ ಇಂಟರ್ನ್‌ಶಿಪ್ ಸಂದರ್ಶನ ಆನ್‌ಲೈನ್‌ನಲ್ಲಿತ್ತು. ದಿನವೂ ಅರಸೀಕೆರೆಯಿಂದ ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಇ. ಓದುತ್ತಿರುವವಳು ನಾನು. ಅಂದು ಮನೆಯ ಮುಂದೆ ಚರಂಡಿ ಕೆಲಸದ ಗಲಾಟೆ ಇದ್ದುದರಿಂದ ಗೆಳತಿಯ ಪಿ.ಜಿ. ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಕಿವಿಯಲ್ಲಿ, ಹದಿನಾಲ್ಕು ತಿಂಗಳ ಹಿಂದೆ 1,300 ರೂಪಾಯಿ ಕೊಟ್ಟು ಕೊಂಡಿದ್ದ ವೈರ್‌ಲೆಸ್ ಬಡ್ಸ್. ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾಗ ಎಡಗಿವಿಯದು ಆಫ್ ಆಯಿತು. ಬಲಗಿವಿಯದನ್ನೇ ನಂಬಿ ಮಾತು ಮುಂದುವರಿಸಿದೆ. ‘ನಿಮ್ಮ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸ್ತಿದೆ’ ಎಂದರು ಆ ಕಡೆಯವರು. ಲ್ಯಾಪ್‌ಟಾಪಿನ ಮೈಕಿಗೆ ಬದಲಾಯಿಸುವಷ್ಟರಲ್ಲಿ ನನ್ನ ಧೈರ್ಯವೂ ಡಿಸ್ಕನೆಕ್ಟ್ ಆಗಿತ್ತು.

ಆ ಇಂಟರ್ನ್‌ಶಿಪ್ ಸಿಗಲಿಲ್ಲ. ಅದಕ್ಕೆ ಬಡ್ಸ್ ಒಂದೇ ಕಾರಣ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಪಾಯಿಂಟರ್ ಬಗ್ಗೆ ಕೇಳಿದ ಪ್ರಶ್ನೆಗೆ ನನ್ನ ಉತ್ತರವೂ ಅಷ್ಟಕ್ಕಷ್ಟೇ ಇತ್ತು. ಆದರೆ ನಾನು ಓದಿಕೊಂಡು ಹೋಗಿದ್ದ ಉತ್ತರಗಳೂ ಅವರಿಗೆ ಸರಿಯಾಗಿ ಕೇಳಿಸಲಿಲ್ಲವಲ್ಲ ಎಂಬ ಸಂಕಟ ಮಾತ್ರ ಉಳಿಯಿತು.

ಸರ್ವಿಸ್ ಸೆಂಟರಿಗೆ ಹೋದರೆ, ‘ಇದರ ಬ್ಯಾಟರಿ ಬದಲಾಯಿಸೋಕೆ ಬರಲ್ಲಮ್ಮ, ವಾರಂಟಿನೂ ಮುಗಿದಿದೆ. ಹೊಸದು ತಗೊಳ್ಳಿ’ ಎಂದರು. ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕುಳಿತು ಎಫ್‌.ಎಂ. ಕೇಳುತ್ತಿದ್ದರು. ಅವರ ಕಿವಿಯಲ್ಲಿದ್ದುದು ಏಳೆಂಟು ವರ್ಷದ ಹಿಂದೆ ಫೋನಿನ ಡಬ್ಬಿಯಲ್ಲೇ ಬಂದಿದ್ದ ಬಿಳಿ ವೈರಿನ ಇಯರ್‌ಫೋನ್. ವೈರ್ ಹಳದಿಯಾಗಿದೆ, ಆದರೆ ಎರಡೂ ಕಿವಿ ಕೇಳುತ್ತವೆ! ಎಲೆಕ್ಟ್ರಾನಿಕ್ಸ್ ಓದುವ ಮಗಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಆ ತೂತು ಎಲ್ಲಿ ಹೋಯಿತು?

ಇಯರ್‌ಫೋನ್ ಪಿನ್ನಿನ ಮೂಲ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿದೆ. ಕರೆಗಳನ್ನು ಜೋಡಿಸಲು ಆಪರೇಟರ್‌ಗಳು ಬಳಸುತ್ತಿದ್ದ ದಪ್ಪ ಪಿನ್ನೇ ಮುಂದೆ ಸಣ್ಣದಾಗಿ 3.5 ಮಿ.ಮೀ. ಜ್ಯಾಕ್ ಆಯಿತು. 1979ರಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಅದು ಜಗತ್ತಿನ ಜೇಬು ಸೇರಿತು. ಯಾವ ಕಂಪನಿಯ ಇಯರ್‌ಫೋನನ್ನು ಯಾವ ಕಂಪನಿಯ ಸಾಧನಕ್ಕೆ ಬೇಕಾದರೂ ಚುಚ್ಚಬಹುದಿತ್ತು.

2016ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಐಫೋನ್ 7ರಿಂದ ಆ ತೂತನ್ನು ತೆಗೆದುಹಾಕಿತು. ಇದು ‘ಧೈರ್ಯ’ದ ಕೆಲಸ ಎಂದು ವೇದಿಕೆಯ ಮೇಲೇ ಹೇಳಿಕೊಂಡಿತು. ಅದೇ ಕಾರ್ಯಕ್ರಮದಲ್ಲಿ ಏರ್‌ಪಾಡ್ಸ್ ಕೂಡ ಪ್ರಕಟವಾಯಿತು ಎಂಬುದನ್ನು ಗಮನಿಸಬೇಕು. 2020ರಲ್ಲಿ ಐಫೋನ್ 12 ಬರುವಾಗ ಡಬ್ಬಿಯಲ್ಲಿ ಕೊಡುತ್ತಿದ್ದ ಇಯರ್‌ಫೋನೂ ಹೋಯಿತು. ಉಳಿದ ಕಂಪನಿಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ಈಗಿನ ತಮಾಷೆ ನೋಡಿ: ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಜ್ಯಾಕ್ ಇನ್ನೂ ಉಳಿದಿದೆ, ದುಬಾರಿ ಫೋನುಗಳಲ್ಲಿ ಹೆಚ್ಚಿನವುಗಳಲ್ಲಿ ಇಲ್ಲ. ಹಾಗಾಗಿಯೇ ಕಾಲೇಜಿನಲ್ಲಿ ವೈರ್ ಹಾಕಿಕೊಂಡವರನ್ನು ಕಂಡರೆ ‘ಓಲ್ಡ್ ಸ್ಟಾಕ್’ ಎಂದು ನಗುವುದು ಶುರುವಾಯಿತು. ನಾನೂ ಹಾಗೆ ನಕ್ಕವಳೇ.

ನಗುವ ಮೊದಲು ಲೆಕ್ಕ ಹಾಕಬೇಕಿತ್ತು. 1,300 ರೂಪಾಯಿಯ ಬಡ್ಸ್ 14 ತಿಂಗಳು ಬಂತು ಎಂದರೆ ತಿಂಗಳಿಗೆ ಸುಮಾರು 93 ರೂಪಾಯಿ. 600 ರೂಪಾಯಿಯ ವೈರ್ ಇಯರ್‌ಫೋನ್ ಮೂರು ವರ್ಷ ಬಾಳಿದರೆ ತಿಂಗಳಿಗೆ 17 ರೂಪಾಯಿ. ಒಂದೇ ವರ್ಷಕ್ಕೆ ಹಾಳಾದರೂ ತಿಂಗಳಿಗೆ 50 ರೂಪಾಯಿ ದಾಟುವುದಿಲ್ಲ.

ಇನ್ನು ಬಾವಿಯ ದನಿಯ ವಿಚಾರ. ಬ್ಲೂಟೂತ್‌ನಲ್ಲಿ ಹಾಡು ಕೇಳುವಾಗ ಒಂದು ವಿಧಾನ, ಮೈಕ್ ಬಳಸಿ ಮಾತಾಡುವಾಗ ಇನ್ನೊಂದು ವಿಧಾನ ಕೆಲಸ ಮಾಡುತ್ತದೆ. ಮೈಕ್ ಆನ್ ಆದ ಕೂಡಲೇ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಹಳೆಯ ಫೋನ್ ಕರೆಯ ಗುಣಮಟ್ಟಕ್ಕೆ ಇಳಿಯುತ್ತದೆ. ಧ್ವನಿಯ ಮಾದರಿಯನ್ನು ಸೆಕೆಂಡಿಗೆ 8,000 ಅಥವಾ 16,000 ಬಾರಿ ಮಾತ್ರ ತೆಗೆಯುತ್ತದೆ. ಸಿ.ಡಿ.ಯಲ್ಲಿ ಇದು 44,100 ಬಾರಿ. ವೈರಿಗೆ ಈ ತಾಪತ್ರಯವಿಲ್ಲ, ಚಾರ್ಜ್ ಮಾಡುವ ಗೊಡವೆಯೂ ಇಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುತ್ತಿರುವವರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ.

ದುಡ್ಡು ಜಾಸ್ತಿ, ಧ್ವನಿ ಚೆನ್ನವೇ?

‘ಅಗ್ಗದ್ದು ತಗೊಂಡ್ರೆ ಸೌಂಡ್ ಚೆನ್ನಾಗಿರಲ್ಲ’ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಅಳೆದು ನೋಡಿ ಪ್ರಬಂಧ ಪ್ರಕಟಿಸಿದರು. ಯಾವ ಸ್ವರ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬ ಅಳತೆಗೂ ಮಾರಾಟದ ಬೆಲೆಗೂ ಸಂಬಂಧವೇ ಕಾಣಲಿಲ್ಲ ಎಂಬುದು ಅವರ ತೀರ್ಮಾನ.

ಅದಾದ ಮೇಲೆ ಪರಿಸ್ಥಿತಿ ನಮ್ಮ ಪರವಾಗಿ ಇನ್ನಷ್ಟು ಬದಲಾಗಿದೆ. ಹೆಚ್ಚಿನ ಕೇಳುಗರಿಗೆ ಯಾವ ಬಗೆಯ ಧ್ವನಿ ಹಿತವೆನಿಸುತ್ತದೆ ಎಂದು ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ವರ್ಷಗಟ್ಟಲೆ ಪರೀಕ್ಷೆ ನಡೆಸಿ ಒಂದು ಮಾದರಿ ರೇಖೆ ಕೊಟ್ಟರು. ಚೀನಾದ ಕಂಪನಿಗಳು ಇಂಥ ಮಾದರಿಗಳನ್ನು ಮುಂದಿಟ್ಟುಕೊಂಡು ಅಗ್ಗದ ಇಯರ್‌ಫೋನುಗಳನ್ನೂ ಟ್ಯೂನ್ ಮಾಡತೊಡಗಿದವು. 2022ರಲ್ಲಿ ಬಂದ ಮೂನ್‌ಡ್ರಾಪ್ ಚೂ, ಸೆವೆನ್‌ಹರ್ಟ್ಸ್ ಜೀರೋ ಇವೆರಡರ ಬೆಲೆ ಸುಮಾರು 20 ಡಾಲರ್. ಹಾಡಿನ ಹುಚ್ಚಿರುವವರು ಇವನ್ನು ಹಲವು ಪಟ್ಟು ದುಬಾರಿಯವುಗಳ ಪಕ್ಕದಲ್ಲಿಟ್ಟು ಹೋಲಿಸಿದರು. ಅಷ್ಟು ಬೇಡ ಎನ್ನುವವರಿಗೆ ಸಾವಿರದೊಳಗೆ ಸೋನಿ, ಜೆ.ಬಿ.ಎಲ್., ಬೋಟ್‌ನಂಥ ಕಂಪನಿಗಳ ಮೈಕ್ ಇರುವ ವೈರ್ ಇಯರ್‌ಫೋನುಗಳು ಸಿಗುತ್ತವೆ.

ಕೊಳ್ಳುವಾಗ ಏನು ನೋಡಬೇಕು?

ಮೊದಲನೆಯದು, ಕಿವಿಗೆ ಕೂರುವುದು. ಇದೇ ಮುಖ್ಯ, ಇದನ್ನೇ ನಾವು ಮರೆಯುವುದು. ರಬ್ಬರ್ ಟಿಪ್ ಕಿವಿಯನ್ನು ಸರಿಯಾಗಿ ಮುಚ್ಚದಿದ್ದರೆ ಎಂಥ ಇಯರ್‌ಫೋನಿನ ಬಾಸ್ ಕೂಡ ಸೋರಿಹೋಗುತ್ತದೆ. ಡಬ್ಬಿಯಲ್ಲಿ ಮೂರು ಅಳತೆಯ ಟಿಪ್ ಕೊಟ್ಟಿರುತ್ತಾರೆ. ಮೂರನ್ನೂ ಹಾಕಿ ನೋಡಿ. ಹಾಕಿಕೊಂಡು ‘ಹೂಂ’ ಎಂದು ಗುನುಗಿದಾಗ ನಿಮ್ಮ ದನಿ ತಲೆಯೊಳಗೇ ಗುಂಯ್‌ಗುಟ್ಟಿದರೆ ಸರಿಯಾಗಿ ಕೂತಿದೆ ಎಂದರ್ಥ. ಎಡ–ಬಲ ಕಿವಿಗೆ ಬೇರೆ ಬೇರೆ ಅಳತೆ ಬೇಕಾದರೂ ಆಶ್ಚರ್ಯವಿಲ್ಲ. ನನ್ನದು ಹಾಗೆಯೇ ಇದೆ.

ಎರಡನೆಯದು, ಪಿನ್. ಮೈಕ್ ಇರುವ 3.5 ಮಿ.ಮೀ. ಪಿನ್ನಿನ ಮೇಲೆ ಮೂರು ಗೆರೆ, ಮೈಕ್ ಇಲ್ಲದ್ದಕ್ಕೆ ಎರಡು. ಫೋನಿನಲ್ಲಿ ಜ್ಯಾಕ್ ಇಲ್ಲದಿದ್ದರೆ ಟೈಪ್–ಸಿ ಇಯರ್‌ಫೋನ್ ಅಥವಾ ಕನ್ವರ್ಟರ್ ಬೇಕು. ಇಲ್ಲಿ ನಾನು ಮೋಸಹೋದೆ. 99 ರೂಪಾಯಿಯ ಕನ್ವರ್ಟರ್ ತಂದೆ, ಫೋನ್ ಅದನ್ನು ಗುರುತಿಸಲೇ ಇಲ್ಲ. ಡಿಜಿಟಲ್ ಸಂಕೇತವನ್ನು ಧ್ವನಿಯ ಸಂಕೇತವಾಗಿಸುವ ‘ಡ್ಯಾಕ್’ ಎಂಬ ಚಿಪ್ ಅದರೊಳಗೆ ಇರಲಿಲ್ಲ. ‘ಡ್ಯಾಕ್ ಇದೆಯಾ?’ ಎಂದು ಕೇಳಿಯೇ ತೆಗೆದುಕೊಳ್ಳಿ.

ಮೂರನೆಯದು, ವೈರ್. ಅದು ಸಾಮಾನ್ಯವಾಗಿ ಸಾಯುವುದು ಪಿನ್ನಿನ ಬುಡದಲ್ಲಿ. ಅಲ್ಲಿ ಮೆತ್ತಗಿನ ರಬ್ಬರ್ ಹಿಡಿಕೆ ಇರಲಿ. ಫೋನನ್ನು ಜೇಬಿನಲ್ಲಿಡುವವರಿಗೆ ಎಲ್ ಆಕಾರದ ಪಿನ್ ಒಳ್ಳೆಯದು. ಸಾವಿರ ದಾಟಿ ಖರ್ಚು ಮಾಡುವುದಾದರೆ ಬಿಚ್ಚಿ ಬದಲಾಯಿಸಬಹುದಾದ ವೈರ್ ಇರುವುದನ್ನೇ ಆರಿಸಿ. ವೈರ್ ತುಂಡಾದರೆ ವೈರನ್ನಷ್ಟೇ ಬದಲಾಯಿಸಿದರೆ ಆಯಿತು.

ನಾಲ್ಕನೆಯದು, ಡಬ್ಬಿಯ ಮೇಲಿನ ಅಂಕಿಗಳು. 16ರಿಂದ 32 ಓಮ್ ಇದ್ದು ಸೆನ್ಸಿಟಿವಿಟಿ 100 ಡೆಸಿಬಲ್ ಆಸುಪಾಸಿನಲ್ಲಿದ್ದರೆ ಫೋನಿಗೆ ಸಾಕು. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂಬುದು ಮನುಷ್ಯರ ಕಿವಿಯ ವ್ಯಾಪ್ತಿ. ಎಲ್ಲ ಡಬ್ಬಿಗಳ ಮೇಲೂ ಇರುವ ಅದರಿಂದ ಗುಣಮಟ್ಟ ಗೊತ್ತಾಗುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಕಂಪನಿಯ ಹೆಸರಿಟ್ಟು 100 ರೂಪಾಯಿಗೆ ಮಾರುವ ‘ಫಸ್ಟ್ ಕಾಪಿ’ಯನ್ನು ಮುಟ್ಟಬೇಡಿ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಕಿವಿ ಬದಲಾಯಿಸಲಾಗದು

ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನಿಂದ ಇನ್ನೊಂದು ಲಾಭವಿದೆ. ಬಸ್ಸಿನ ಇಂಜಿನ್ ಸದ್ದು ತಡೆಯುವುದರಿಂದ ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಅಸುರಕ್ಷಿತವಾಗಿ ಕೇಳುವ ಅಭ್ಯಾಸದಿಂದ ನೂರು ಕೋಟಿಗೂ ಹೆಚ್ಚು ಯುವಜನರು ಕಿವುಡುತನದ ಅಪಾಯದಲ್ಲಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ನಾಲ್ಕೇ ಗಂಟೆ! ಹತ್ತು ಡೆಸಿಬಲ್ ಏರಿದರೆ ಸಮಯ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಕೂಟಿ ಓಡಿಸುವಾಗ, ರೈಲು ಹಳಿ ದಾಟುವಾಗ ಮಾತ್ರ ಎಂಥ ಇಯರ್‌ಫೋನೂ ಬೇಡ.

ವೈರೇ ಎಲ್ಲಕ್ಕೂ ಮೇಲು ಎಂಬ ವಾದ ನನ್ನದಲ್ಲ. ಓಡುವವರಿಗೆ, ಜಿಮ್‌ಗೆ ಹೋಗುವವರಿಗೆ ವೈರ್‌ಲೆಸ್ ಅನುಕೂಲ. ರಶ್ಶಿನ ಬಸ್ಸಿನಲ್ಲಿ ನನ್ನ ವೈರ್ ಯಾರದೋ ಬ್ಯಾಗಿಗೆ ಸಿಕ್ಕಿ ಕಿವಿಯಿಂದ ಕಿತ್ತುಬಂದಿದ್ದೂ ಉಂಟು. ನನ್ನ ತಕರಾರು ಇರುವುದು ಆಯ್ಕೆಯನ್ನೇ ಕಿತ್ತುಕೊಳ್ಳುವುದರ ಬಗ್ಗೆ, ರಿಪೇರಿಗೆ ಬಾಗಿಲು ಮುಚ್ಚುವುದರ ಬಗ್ಗೆ. ಯುರೋಪಿನ ಹೊಸ ಬ್ಯಾಟರಿ ಕಾನೂನಿನ ಪ್ರಕಾರ 2027ರ ಫೆಬ್ರುವರಿಯಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ಬಳಕೆದಾರರೇ ಬದಲಾಯಿಸುವಂತಿರಬೇಕು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಶುರುಮಾಡಿತು. ರಿಪೇರಿಯ ಮಾಹಿತಿ ಒಂದೆಡೆ ಸಿಗುವುದು ಒಳ್ಳೆಯದೇ. ಆದರೆ ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿದ ಸಾಧನಕ್ಕೆ ಮಾಹಿತಿ ಇದ್ದು ಏನು ಪ್ರಯೋಜನ? ಬಿಚ್ಚಲು ಬರುವಂತೆ ತಯಾರಿಸಬೇಕೆಂಬ ನಿಯಮ ಇಲ್ಲಿಗೂ ಬರಬೇಕು. ನಾಳೆ ಇಂಥ ಸಾಧನಗಳನ್ನು ವಿನ್ಯಾಸ ಮಾಡುವವರು ಇಂದು ತರಗತಿಯಲ್ಲಿ ಕುಳಿತಿರುವ ನಾವೇ ಅಲ್ಲವೇ?

ಮೊನ್ನೆ ಇನ್ನೊಂದು ಸಂದರ್ಶನವಿತ್ತು. 650 ರೂಪಾಯಿಯ ವೈರ್ ಇಯರ್‌ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಕುಳಿತೆ. ಪಾಯಿಂಟರ್ ಬಗ್ಗೆ ಮತ್ತೆ ಕೇಳಿದರು, ಈ ಸಲ ಓದಿಕೊಂಡಿದ್ದೆ. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ನಲವತ್ತು ನಿಮಿಷದಲ್ಲಿ ಒಮ್ಮೆಯೂ ಅವರು ‘ಕೇಳಿಸ್ತಿಲ್ಲ’ ಎನ್ನಲಿಲ್ಲ.