ಪತ್ರ ಬಂತೆಂದು ಸುಮ್ಮನಾಗಬೇಕೆ?

ವಿಮಾ ಕಂಪನಿಯಿಂದ 'ನಿಮ್ಮ ಕ್ಲೇಮು ತಿರಸ್ಕರಿಸಲಾಗಿದೆ' ಎಂಬ ಪತ್ರ ಬಂದರೆ ನಮ್ಮ ಕಡೆಯ ಮನೆಗಳಲ್ಲಿ ಆಗುವುದು ಒಂದೇ. ಗಂಡಸರು ಕಂಪನಿಗೆ ನಾಲ್ಕು ಬೈದು ತೋಟಕ್ಕೆ ಹೊರಡುತ್ತಾರೆ. ಹೆಂಗಸರು 'ನಮ್ಮ ಹಣೆಬರಹ' ಎಂದು ಬಳೆ ಬಿಚ್ಚಿ ಕೊಡುತ್ತಾರೆ. ಪತ್ರ ಬರೆದವರಿಗೆ ಬೇಕಾದದ್ದೂ ಅದೇ ತಾನೆ? ಹಣೆಬರಹವಂತೆ! ಹಣೆಯ ಮೇಲೆ ಬರೆಯುವ ಬ್ರಹ್ಮನಿಗೆ ಇಂಗ್ಲಿಷ್ ಟೈಪಿಂಗ್ ಬರುತ್ತದೆಂದು ನಾನು ಕೇಳಿಲ್ಲ.

2025ರ ಮಳೆಗಾಲದಲ್ಲಿ ನಮ್ಮವರಿಗೆ ಎದೆನೋವು ಬಂತು. ಹೆತ್ತೂರಿನಿಂದ ಸಕಲೇಶಪುರ, ಅಲ್ಲಿಂದ ಹಾಸನ. ಆ ಮಳೆಯಲ್ಲಿ ಜೀಪಿನ ಪ್ರಯಾಣ ಹೇಗಿರುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಸ್ಟೆಂಟ್ ಹಾಕಿದರು, ಜೀವ ಉಳಿಯಿತು. 2017ರಿಂದ ಒಂದು ವರ್ಷವೂ ತಪ್ಪದೆ ಪಾಲಿಸಿ ನವೀಕರಿಸುತ್ತ ಬಂದಿದ್ದೆವು. (ಕಂತು ನನ್ನ ಸಂಬಳದ್ದು, ಪಾಲಿಸಿ ಅವರ ಹೆಸರಿನದು. ಅದು ಬೇರೆಯೇ ಪುರಾಣ, ಇರಲಿ.) ಆದರೂ ಪತ್ರ ಬಂತು: 'ಹತ್ತು ವರ್ಷದಿಂದ ರಕ್ತದೊತ್ತಡವಿತ್ತು, ಮುಚ್ಚಿಟ್ಟಿದ್ದೀರಿ.'

ಈ ಹತ್ತು ವರ್ಷ ಎಲ್ಲಿಂದ ಬಂತು? ಆಸ್ಪತ್ರೆಯ ಕೇಸ್ ಶೀಟಿನಿಂದ. ಸೇರಿಸುವ ಹೊತ್ತಿನಲ್ಲಿ ಎಳೆಯ ಡಾಕ್ಟರೊಬ್ಬರು 'ಬಿ.ಪಿ. ಎಷ್ಟು ದಿನದಿಂದ?' ಎಂದು ಕೇಳಿದ್ದರು. 'ಎರಡು ವರ್ಷದಿಂದ' ಎಂದು ನಾನು ಸ್ಪಷ್ಟವಾಗಿಯೇ ಹೇಳಿದ್ದೆ. ಅವರು ಬರೆದದ್ದು ಹತ್ತು! ಅಕ್ಕತಂಗಿಯರೇ, ಇದನ್ನು ಗಮನಿಸಿ. ರೋಗಿಯ ಪಕ್ಕ ನಿಂತು ಆ ಪ್ರಶ್ನೆಗೆ ಉತ್ತರ ಕೊಡುವವರು ಹೆಚ್ಚಾಗಿ ನಾವೇ. ಆ ಒಂದು ಸಾಲನ್ನೇ ಹಿಡಿದು ಕಂಪನಿ ನಿಮ್ಮನ್ನು ಸುಳ್ಳುಗಾರರನ್ನಾಗಿ ಮಾಡಬಲ್ಲದು. ಮನೆಗೆ ಹೊರಡುವ ಮೊದಲು ಡಿಸ್ಚಾರ್ಜ್ ಸಾರಾಂಶ ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ, ವೈದ್ಯರ ಸಹಿ ಪಡೆಯಿರಿ. ಕೇಸ್ ಶೀಟಿನ ಪ್ರತಿಯನ್ನೂ ಕೇಳಿ. ನಾನು ಹಳೆಯ ಔಷಧಿ ಚೀಟಿಗಳನ್ನೆಲ್ಲ ಹುಡುಕಿ ತೆಗೆದೆ. ಮೊದಲ ಬಿ.ಪಿ. ಮಾತ್ರೆಯ ಚೀಟಿ 2023ರದು.

'ಸುಳ್ಳು ಹೇಳಿ ದುಡ್ಡು ಹೊಡೆಯುವವರೂ ಇದ್ದಾರಲ್ಲ, ಕಂಪನಿಯವರು ಏನು ಮಾಡಬೇಕು?' ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಕೇಳಿದರು. ಇದ್ದಾರೆ, ಸ್ವಾಮಿ. ಹಾಗಾದರೆ ವಂಚನೆಯನ್ನು ಸಾಬೀತು ಮಾಡಲಿ! ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಮಾಡಿದ ನಿಯಮವೂ ಅದನ್ನೇ ಹೇಳುತ್ತದೆ. ಆರೋಗ್ಯ ಪಾಲಿಸಿ ಸತತ 60 ತಿಂಗಳು ನಡೆದಿದ್ದರೆ, 'ಮಾಹಿತಿ ಮುಚ್ಚಿಟ್ಟಿರಿ' ಎಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ. ವಂಚನೆ ರುಜುವಾತಾದರೆ ಮಾತ್ರ ನಿರಾಕರಿಸಬಹುದು. ಮೊದಲು ಈ ಅವಧಿ ಎಂಟು ವರ್ಷವಿತ್ತು. ನಮ್ಮ ಪಾಲಿಸಿಗೆ ಎಂಟೂ ತುಂಬುತ್ತ ಬಂದಿತ್ತು. ಈ ನಿಯಮ ಕಂಪನಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಹೆತ್ತೂರಿನವರಿಗೆ ಗೊತ್ತಿರುವುದಿಲ್ಲ ಎಂಬ ಧೈರ್ಯ, ಅಷ್ಟೆ.

ದಾರಿ ಕಷ್ಟದ್ದೇನಲ್ಲ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ನಮ್ಮ ರಾಜ್ಯದ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ, ಜೀವನ್ ಸೌಧದಲ್ಲಿ. ಶುಲ್ಕವಿಲ್ಲ, ವಕೀಲರೂ ಬೇಡ. ವಿಡಿಯೋ ಮೂಲಕ ವಿಚಾರಣೆ ನಡೆಸುವ ಅವಕಾಶವೂ ಇದೆ. ಅವರ ತೀರ್ಪಿಗೆ ಕಂಪನಿ ತಲೆಬಾಗಲೇಬೇಕು. ನಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ಬಾಗಿಲು ಇದ್ದೇ ಇದೆ.

ಇನ್ನೊಂದು ಮಾತು. ಪಾಲಿಸಿಯ ಮುಖ್ಯ ಷರತ್ತುಗಳ ಮಾಹಿತಿ ಹಾಳೆಯನ್ನು ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು ಪ್ರಾಧಿಕಾರವೇ 2023ರಲ್ಲಿ ಹೇಳಿದೆ. ಏಜೆಂಟರು ಕಾಫಿ ಕುಡಿಯಲು ಬಂದಾಗ ಕನ್ನಡದ ಹಾಳೆ ಎಲ್ಲಿ ಎಂದು ಕೇಳಿ, ಮುಖ ನೋಡಿ!

ಕಂಪನಿಯ ಅಧಿಕಾರಿ ಎರಡನೇ ಸಲವೂ ಇಲ್ಲವೆಂದರು. ನಮ್ಮವರು 'ಸಾಕು ಬಿಡೇ' ಎಂದರು. ಅವರ ಸಹಿ ಹಾಕಿಸಿ, ಔಷಧಿ ಚೀಟಿಯ ನಕಲು ಲಗತ್ತಿಸಿ, ಓಂಬುಡ್ಸ್‌ಮನ್‌ಗೆ ದೂರು ಕಳಿಸಿದ್ದೇನೆ. ಕನ್ನಡದಲ್ಲೇ ಬರೆದೆ. ವಿಚಾರಣೆಯ ದಿನ ಇನ್ನೂ ಗೊತ್ತಾಗಿಲ್ಲ.