"ಮೊದಲು ಯಾವುದಾದ್ರೂ ಕೆಲಸ ಹಿಡಿ" ಅನ್ನೋ ಉಪದೇಶ ಸಾಕು ಮಾಡೋಣ



2020ರ ಮಾರ್ಚ್ ಕೊನೆಯ ದಿನಗಳು ನೆನಪಿವೆಯಾ? ಟಿವಿ ಹಾಕಿದರೆ ವೆಂಟಿಲೇಟರ್, ಪೇಪರ್ ತೆಗೆದರೆ ವೆಂಟಿಲೇಟರ್. ಅಲ್ಲಿಯವರೆಗೆ ಆ ಪದವನ್ನೇ ಕೇಳದಿದ್ದವರೂ ಯಾವ ಆಸ್ಪತ್ರೆಯಲ್ಲಿ ಎಷ್ಟಿವೆ ಅಂತ ಲೆಕ್ಕ ಹಾಕುತ್ತಿದ್ದರು. ಮಷೀನು ಇದ್ದರೆ ಸಾಲದು, ಅದನ್ನು ನಡೆಸೋಕೆ ಬರುವ ರೆಸ್ಪಿರೇಟರಿ ಥೆರಪಿಸ್ಟ್‌ಗಳೂ ಬೇಕು ಅನ್ನೋ ಮಾತು ಆಗ ಎಲ್ಲರ ಕಿವಿಗೂ ಬಿತ್ತು. ಅದೇ ದಿನಗಳಲ್ಲಿ, ಬೆಂಗಳೂರಿನ ಐ.ಸಿ.ಯು.ಗಳಲ್ಲಿ ಆರು ವರ್ಷ ವೆಂಟಿಲೇಟರ್ ನೋಡಿಕೊಂಡಿದ್ದ ನನ್ನ ನಾದಿನಿ, ಬ್ರಾಂಪ್ಟನ್ನಿನ ಒಂದು ಗೋಡೌನಿನಲ್ಲಿ ರಾತ್ರಿ ಪಾಳಿಯಲ್ಲಿ ಡಬ್ಬಗಳಿಗೆ ಟೇಪ್ ಹಚ್ಚುತ್ತಿದ್ದಳು.

ಇದಕ್ಕೆ ಯಾರು ಕಾರಣ ಅಂತ ಪಟ್ಟಿ ಮಾಡಿದರೆ ಮೊದಲ ಹೆಸರು ನನ್ನದೇ.

2018ರಲ್ಲಿ ಅವಳೂ ನನ್ನ ಷಡ್ಡಕರೂ ಪಿ.ಆರ್. ತಗೊಂಡು ಬಂದಾಗ ಪಿಯರ್ಸನ್ ಏರ್‌ಪೋರ್ಟಿನಿಂದ ಮಿಸ್ಸಿಸಾಗಾಗೆ ಕಾರಿನಲ್ಲಿ ಕರೆತಂದವನು ನಾನು. ದಾರಿಯಲ್ಲೇ ಅವಳು ಕೇಳಿದಳು: "ಭಾವ, ನನ್ನ ಕೆಲಸಕ್ಕೆ ಇಲ್ಲಿ ಏನೋ ರಿಜಿಸ್ಟ್ರೇಷನ್ ಆಗಬೇಕಂತಲ್ಲ, ಅದನ್ನ ಮೊದಲು ನೋಡ್ಲಾ?" ನಾನು ದೊಡ್ಡವನ ಗತ್ತಿನಲ್ಲಿ ಹೇಳಿದೆ: "ಅದೆಲ್ಲ ಆಮೇಲೆ ನೋಡೋಣಮ್ಮ. ಮೊದಲು ಯಾವುದಾದ್ರೂ ಒಂದು ಕೆಲಸ ಹಿಡಿ, ಕೆನಡಾ ಅನುಭವ ಆಗ್ಲಿ."

ಈ ಮಾತನ್ನು ನೀವೂ ಹೇಳಿದ್ದೀರಿ, ನಾನೂ ಎಷ್ಟೋ ಜನಕ್ಕೆ ಹೇಳಿದ್ದೇನೆ. ನಮ್ಮ ಸಾಫ್ಟ್‌ವೇರ್ ಜನಕ್ಕೆ ಇದು ಸರಿಯಾದ ಮಾತೇ. ನಾನು ಬಂದ ಹೊಸದರಲ್ಲಿ ಆರು ತಿಂಗಳು ಕಾಲ್ ಸೆಂಟರಿನಲ್ಲಿದ್ದೆ. ಆಮೇಲೆ ಯುಗಾದಿ ಊಟದಲ್ಲಿ ಪಕ್ಕ ಕೂತಿದ್ದವರೊಬ್ಬರು ರೆಫರಲ್ ಕೊಟ್ಟರು, ಇಂಟರ್‌ವ್ಯೂ ಆಯಿತು, ಕೆಲಸ ಸಿಕ್ಕಿತು. ಆ ಆರು ತಿಂಗಳಿಂದ ನನಗೇನೂ ನಷ್ಟವಾಗಲಿಲ್ಲ. ಹಾಗಾಗಿ ಎಲ್ಲರ ದಾರಿಯೂ ಹೀಗೇ ಅಂದುಕೊಂಡುಬಿಟ್ಟೆ. ತಪ್ಪಾಗಿದ್ದು ಅಲ್ಲೇ.

ಒಂದು ತಮಾಷೆ ಹೇಳ್ತೀನಿ. ನಾನು ಇಂಜಿನಿಯರಿಂಗ್ ಓದಿದವನು, ಊರಲ್ಲಿ ಎಲ್ಲರಿಗೂ ನಾನು ಇಂಜಿನಿಯರೇ. ಆದರೆ ಒಂಟಾರಿಯೊದಲ್ಲಿ ಪ್ರೊಫೆಷನಲ್ ಇಂಜಿನಿಯರ್ಸ್ ಒಂಟಾರಿಯೊ ಸಂಸ್ಥೆಯ ಲೈಸೆನ್ಸ್ ಇಲ್ಲದೆ ಕಾರ್ಡಿನ ಮೇಲೆ ಇಂಜಿನಿಯರ್ ಅಂತ ಹಾಕಿಕೊಳ್ಳುವಂತಿಲ್ಲ. ನನ್ನ ಕಾರ್ಡಿನಲ್ಲಿ ಸಾಫ್ಟ್‌ವೇರ್ ಡೆವಲಪರ್ ಅಂತಿದೆ. ಹೆಸರು ಹೋಯಿತೇ ಹೊರತು ಕೆಲಸ ಹೋಗಲಿಲ್ಲ, ಸಂಬಳವೂ ಕಡಿಮೆಯಾಗಲಿಲ್ಲ. ನನ್ನ ನಾದಿನಿಯ ವಿಷಯ ಹಾಗಲ್ಲ. 1991ರ ರೆಸ್ಪಿರೇಟರಿ ಥೆರಪಿ ಆಕ್ಟ್ ಪ್ರಕಾರ ಒಂಟಾರಿಯೊದಲ್ಲಿ ಈ ವೃತ್ತಿಯನ್ನು ನೋಡಿಕೊಳ್ಳುವುದು ಕಾಲೇಜ್ ಆಫ್ ರೆಸ್ಪಿರೇಟರಿ ಥೆರಪಿಸ್ಟ್ಸ್ ಆಫ್ ಒಂಟಾರಿಯೊ, ಅಂದರೆ ಸಿ.ಆರ್.ಟಿ.ಓ. ಕಾಲೇಜ್ ಅಂದರೆ ಪಾಠ ಹೇಳುವ ಜಾಗ ಅಲ್ಲ, ವೃತ್ತಿಯ ನಿಯಂತ್ರಣ ಮಂಡಳಿ. ಅಲ್ಲಿ ಹೆಸರಿಲ್ಲದಿದ್ದರೆ ರೆಸ್ಪಿರೇಟರಿ ಥೆರಪಿಸ್ಟ್ ಅಂತ ಹೇಳಿಕೊಳ್ಳುವುದೂ ತಪ್ಪು, ಆ ಕೆಲಸ ಮಾಡುವುದೂ ತಪ್ಪು. ಯಾರ ರೆಫರಲ್ಲೂ ಇಲ್ಲಿ ನಡೆಯುವುದಿಲ್ಲ.

ಇಷ್ಟು ಬಿಗಿ ಯಾಕೆ ಅಂತ ನಾನೂ ರೇಗಿದ್ದೆ. ಅವಳೇ ತಿಳಿಸಿ ಹೇಳಿದಳು. ಗಂಟಲೊಳಗೆ ನಳಿಕೆ ಇಳಿಸುವುದು, ಆ ನಳಿಕೆಯಿಂದ ಕಫ ಹೀರಿ ತೆಗೆಯುವುದು, ರಕ್ತನಾಳದಿಂದ ರಕ್ತ ತೆಗೆದು ಆಮ್ಲಜನಕ ಎಷ್ಟಿದೆ ನೋಡುವುದು, ಇವೆಲ್ಲ ಈ ಕೆಲಸದ ಭಾಗ. ವೆಂಟಿಲೇಟರ್ ಒಂದು ಉಸಿರಿಗೆ ಎಷ್ಟು ಗಾಳಿ ಕೊಡಬೇಕು ಅನ್ನೋದನ್ನು ರೋಗಿಯ ತೂಕ ನೋಡಿ ಅಲ್ಲ, ಎತ್ತರ ನೋಡಿ ಲೆಕ್ಕ ಹಾಕುತ್ತಾರಂತೆ. ಮನುಷ್ಯ ದಪ್ಪಗಿದ್ದಾನೆ ಅಂತ ಹೆಚ್ಚು ಗಾಳಿ ನುಗ್ಗಿಸಿದರೆ ಶ್ವಾಸಕೋಶವೇ ಹಾಳಾಗುತ್ತದೆ, ಯಾಕೆಂದರೆ ಮೈ ದಪ್ಪವಾದರೂ ಶ್ವಾಸಕೋಶ ದೊಡ್ಡದಾಗಿರುವುದಿಲ್ಲ. ನನ್ನ ಕೋಡ್ ಕೆಟ್ಟರೆ ಸರ್ವರ್ ರೀಸ್ಟಾರ್ಟ್ ಮಾಡ್ತೀನಿ. ಅವಳ ಕೆಲಸದಲ್ಲಿ ರೀಸ್ಟಾರ್ಟ್ ಇಲ್ಲ. ಈ ಊರು 2003ರಲ್ಲಿ ಸಾರ್ಸ್ ನೋಡಿದೆ. ಕೆನಡಾದಲ್ಲಿ 44 ಜನ ಸತ್ತರು, ಉಸಿರಿನ ನಳಿಕೆ ಹಾಕುವಾಗಲೂ ಆಸ್ಪತ್ರೆಯ ಕೆಲವರಿಗೆ ಸೋಂಕು ತಗುಲಿತು. ಪರೀಕ್ಷೆ ಇಡಬೇಡಿ ಅಂತ ನಾನು ಕೇಳುತ್ತಿಲ್ಲ.

ನನ್ನ ತಕರಾರು ಬೇರೆ. ದಾರಿ ಉದ್ದ ಇದ್ದರೆ ಬೇಗ ಹೊರಡಬೇಕು. ನಾವು ನಮ್ಮವರನ್ನು ತಡವಾಗಿ ಹೊರಡಿಸುತ್ತಿದ್ದೇವೆ.

ಹೊರಗಿನಿಂದ ಓದಿ ಬಂದವರ ದಾರಿ ಹೀಗಿದೆ ನೋಡಿ. ಓದಿದ ಕಾಲೇಜಿನಿಂದ ಪಠ್ಯಕ್ರಮ, ಅಂಕಪಟ್ಟಿ, ಆಸ್ಪತ್ರೆ ತರಬೇತಿಯ ವಿವರ ಬರಬೇಕು. ಅದನ್ನು ಇಲ್ಲಿನ ಓದಿನ ಜೊತೆ ತಾಳೆ ನೋಡುತ್ತಾರೆ. ಸಂದರ್ಶನ ಇದೆ, ಕೈಕೆಲಸದ ಪರೀಕ್ಷೆ ಇದೆ, ಕೊರತೆ ಕಂಡರೆ ಅದನ್ನು ತುಂಬಿಕೊಳ್ಳಬೇಕು, ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ. ಜೊತೆಗೆ, ಇತ್ತೀಚೆಗೆ ಈ ಕೆಲಸ ಮಾಡಿದ್ದೀರಾ ಅಂತಲೂ ಕೇಳುತ್ತಾರೆ. ಎಲ್ಲಕ್ಕಿಂತ ಹೊಡೆತ ಕೊಡುವುದು ಈ ಕೊನೆಯದು. ನಾನು "ಕೆನಡಾ ಅನುಭವ" ಅಂತ ಅವಳನ್ನು ಗೋಡೌನಿಗೆ ಕಳಿಸಿದೆನಲ್ಲ, ಅಲ್ಲಿ ಕಳೆದ ಒಂದೊಂದು ತಿಂಗಳೂ ಅವಳ ಆರು ವರ್ಷದ ಅನುಭವವನ್ನು ಹಳೆಯದಾಗಿಸುತ್ತಿತ್ತು. ಸಾಫ್ಟ್‌ವೇರಿನವನಿಗೆ ಮೆಟ್ಟಿಲಾದದ್ದು ಅವಳಿಗೆ ಹಳ್ಳವಾಯಿತು.

ಇನ್ನೊಂದು ಮೋಸ ನಾವೇ ಮಾಡಿಕೊಳ್ಳುವುದು. ಪಿ.ಆರ್.ಗೆ ಅರ್ಜಿ ಹಾಕುವಾಗ ಡಿಗ್ರಿಯ ಮೌಲ್ಯಮಾಪನ, ಇ.ಸಿ.ಎ. ಅಂತ ಮಾಡಿಸುತ್ತೇವೆ. "ಕೆನಡಾದ ಬ್ಯಾಚುಲರ್ ಡಿಗ್ರಿಗೆ ಸಮ" ಅಂತ ಪತ್ರ ಬಂದ ದಿನ ಮನೆಯಲ್ಲಿ ಪಾಯಸ. ಆದರೆ ಆ ಪತ್ರ ವಲಸೆಗೆ ಅಂಕ ಕೊಡಲಿಕ್ಕೆ ಮಾತ್ರ. ಕೆಲಸ ಮಾಡುವ ಹಕ್ಕು ಕೊಡುವ ಲೈಸೆನ್ಸ್ ಬೇರೆ. 2023ರಲ್ಲಿ ಕೆನಡಾ ಸರ್ಕಾರ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆರೋಗ್ಯ ವೃತ್ತಿಯವರಿಗೆ ಪ್ರತ್ಯೇಕ ಆಯ್ಕೆ ಶುರುಮಾಡಿದಾಗ ಆ ಪಟ್ಟಿಯಲ್ಲಿ ರೆಸ್ಪಿರೇಟರಿ ಥೆರಪಿಸ್ಟ್‌ಗಳೂ ಇದ್ದರು. ಒಟ್ಟಾವಾ ಬಾ ಅಂತ ಕರೆಯುತ್ತದೆ, ಲೈಸೆನ್ಸ್ ವಿಷಯ ಪ್ರಾಂತ್ಯದ ಕೈಯಲ್ಲಿದೆ. ಈ ಎರಡು ಬಾಗಿಲುಗಳ ನಡುವೆ ಎಷ್ಟು ದೂರ ಅಂತ ಕರೆದವರು ಹೇಳುವುದಿಲ್ಲ.

ನಮ್ಮ ನಾಡಿನ ಕಡೆಯೂ ಒಂದು ತೊಡಕಿದೆ. ಮಣಿಪಾಲದಲ್ಲಿ ರೆಸ್ಪಿರೇಟರಿ ಥೆರಪಿ ಅಂತಲೇ ಡಿಗ್ರಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದಿದವರ ಸರ್ಟಿಫಿಕೇಟಿನಲ್ಲಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಅಂತಿರುತ್ತದೆ. ಆಸ್ಪತ್ರೆಯವರು ಕೊಡುವ ಅನುಭವ ಪತ್ರದಲ್ಲಿ "ಟೆಕ್ನಿಷಿಯನ್" ಅಂತ ಒಂದೇ ಪದ. ಇಲ್ಲಿ ಕೂತು ಓದುವವರಿಗೆ ಅವಳು ರೋಗಿಯನ್ನು ಮುಟ್ಟಿದ್ದಳೋ ಮಷೀನು ಒರೆಸುತ್ತಿದ್ದಳೋ ತಿಳಿಯುವುದು ಹೇಗೆ? ಇಂಥ ವೃತ್ತಿಗಳಿಗೆ ಭಾರತದಲ್ಲಿ ರಾಷ್ಟ್ರಮಟ್ಟದ ಕಾನೂನು ಬಂದದ್ದೇ 2021ರಲ್ಲಿ. 2020ರಲ್ಲಿ ಬೆಂಗಳೂರಿನ ಬಿ.ಇ.ಎಲ್. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಜೊತೆ ಸೇರಿ 30,000 ವೆಂಟಿಲೇಟರ್ ಮಾಡಲು ಹೊರಟಾಗ ನಾವೆಲ್ಲ ಎದೆಯುಬ್ಬಿಸಿಕೊಂಡು ಈಮೇಲ್ ಹಂಚಿದೆವು. ಹಂಚಬೇಕಾದದ್ದೇ. ಆದರೆ ಅದನ್ನು ನಡೆಸುವ ಕೈಗಳ ಬಗ್ಗೆ ಒಂದು ಸಾಲನ್ನಾದರೂ ಬರೆದೆವಾ?

ನಾದಿನಿ ಆ ವರ್ಷವೇ, 2020ರ ಕೊನೆಯಲ್ಲಿ, ಹಟ ಹಿಡಿದು ಅರ್ಜಿ ಶುರುಮಾಡಿದಳು. ಓದಿದ ಕಾಲೇಜಿನಿಂದ ಮೊಹರು ಹಾಕಿದ ಕಾಗದ ಬರಲಿಕ್ಕೇ ಎಂಟು ತಿಂಗಳು ಹಿಡಿಯಿತು. ನನ್ನ ಮಾವನವರು ನಾಲ್ಕು ಸಲ ದಾವಣಗೆರೆಯಿಂದ ಬೆಂಗಳೂರಿಗೆ ಬಸ್ಸು ಹತ್ತಿದರು. ಮೌಲ್ಯಮಾಪನದಲ್ಲಿ ಕೊರತೆ ಕಂಡವು, ಮತ್ತೆ ಪುಸ್ತಕ ಹಿಡಿದಳು. ಮಗು ಮಲಗಿದ ಮೇಲೆ ಓದು, ಬೆಳಗ್ಗೆ ಗೋಡೌನು. ಒಂದು ರಾತ್ರಿ ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಹತ್ತಿರ ಅತ್ತಳಂತೆ, "ಅಕ್ಕ, ಕೈಗೆ ನಳಿಕೆ ಹಿಡಿಯೋದೇ ಮರೆತುಹೋಗಿದೆ" ಅಂತ. ಅದನ್ನು ಕೇಳಿದ ದಿನ ನನ್ನ ಸಲಹೆಯ ಬೆಲೆ ಎಷ್ಟು ಅಂತ ಗೊತ್ತಾಯಿತು. 2023ರಲ್ಲಿ ರಿಜಿಸ್ಟ್ರೇಷನ್ ಸಿಕ್ಕಿತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗಲೇ ಶುರುಮಾಡಿದ್ದರೆ ಕಾಗದಗಳಿಗೆ ಕಾದ ತಿಂಗಳುಗಳೆಲ್ಲ ಅಲ್ಲೇ ಕಳೆದಿರುತ್ತಿದ್ದವು, ಕೈಯೂ ತುಕ್ಕು ಹಿಡಿಯುತ್ತಿರಲಿಲ್ಲ.

ಇಲ್ಲಿನ ವ್ಯವಸ್ಥೆಗೆ ತಾರತಮ್ಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇಲ್ಲದಿದ್ದರೆ 2006ರಲ್ಲಿ ಒಂಟಾರಿಯೊ ಕಾನೂನು ಮಾಡಿ ಫೇರ್‌ನೆಸ್ ಕಮಿಷನರ್ ಅನ್ನೋ ಹುದ್ದೆಯನ್ನು ಯಾಕೆ ಹುಟ್ಟಿಸಬೇಕಿತ್ತು? 2023ರ ಜುಲೈ 1ರಿಂದ ಬೇರೆ ಪ್ರಾಂತ್ಯದಲ್ಲಿ ರಿಜಿಸ್ಟರ್ ಆದ ಡಾಕ್ಟರ್, ನರ್ಸ್, ರೆಸ್ಪಿರೇಟರಿ ಥೆರಪಿಸ್ಟ್‌ಗಳು ಒಂಟಾರಿಯೊದಲ್ಲಿ ರಿಜಿಸ್ಟ್ರೇಷನ್‌ಗೆ ಕಾಯದೆ ಕೆಲಸ ಶುರುಮಾಡಬಹುದು ಅಂತ ಆಯಿತು. ಮನಸ್ಸಿದ್ದರೆ ಬಾಗಿಲು ತೆರೆಯುತ್ತದೆ ಅಂತಾಯಿತಲ್ಲ? ಬೆಂಗಳೂರಿನಿಂದ ಬಂದವರಿಗೂ ಬೇಗ ಪರೀಕ್ಷೆ ಮಾಡಿ ಅಂತ ನಾವು ಕೇಳಬಹುದು, ಕೇಳಬೇಕು. ಆದರೆ ಸರ್ಕಾರವನ್ನು ಕೇಳುವ ಮುಂಚೆ ನಮ್ಮ ಮನೆ ಸರಿಮಾಡಿಕೊಳ್ಳೋಣ. ನನಗೆ ತೋಚಿದ್ದು ಇಷ್ಟು:

1. ಊರಿನಿಂದ ಯಾರಾದರೂ "ಬರ್ತಾ ಇದೀನಿ" ಅಂದರೆ ಮನೆ ಬಾಡಿಗೆ ಎಷ್ಟು ಅಂತ ಹೇಳುವ ಮುಂಚೆ "ನಿಮ್ಮ ಕೆಲಸಕ್ಕೆ ಇಲ್ಲಿ ಲೈಸೆನ್ಸ್ ಬೇಕಾ?" ಅಂತ ಕೇಳಿ. ಬೇಕು ಅಂದರೆ ಟಿಕೆಟ್ ತೆಗೆಯುವ ಮುಂಚೆಯೇ ಅರ್ಜಿ ಶುರುವಾಗಲಿ.

2. ಪಠ್ಯಕ್ರಮ, ತರಬೇತಿಯ ಗಂಟೆಗಳ ಲೆಕ್ಕ, ಏನೇನು ಕೆಲಸ ಕೈಯಾರೆ ಮಾಡಿದ್ದಾರೆ ಅನ್ನೋ ಪತ್ರ, ಇವನ್ನು ಊರಲ್ಲಿದ್ದಾಗಲೇ ಕಾಲೇಜು, ಆಸ್ಪತ್ರೆಯಿಂದ ಬರೆಸಿಕೊಳ್ಳಲಿ. "ಟೆಕ್ನಿಷಿಯನ್" ಅನ್ನೋ ಒಂದು ಪದ ಸಾಲದು.

3. ರಿಜಿಸ್ಟ್ರೇಷನ್ ಆದ ಕೂಡಲೇ ಖಾಯಂ ಕೆಲಸ ಸಿಗುತ್ತದೆ ಅಂತ ಆಸೆ ಹುಟ್ಟಿಸಬೇಡಿ. ಆಸ್ಪತ್ರೆಗಳಲ್ಲಿ ಕ್ಯಾಶುವಲ್ ಅಂತ ಸೇರಿಸಿಕೊಂಡು ರಾತ್ರಿ ಪಾಳಿ, ಶನಿವಾರ-ಭಾನುವಾರ ಕೊಡುವುದುಂಟು. ಮನೆಗೆ ಆಕ್ಸಿಜನ್ ಒದಗಿಸುವ ಕಂಪನಿಗಳು, ನಿದ್ರೆಯ ಉಸಿರಾಟ ತೊಂದರೆ ನೋಡುವ ಕ್ಲಿನಿಕ್‌ಗಳೂ ಈ ವೃತ್ತಿಯವರನ್ನು ತೆಗೆದುಕೊಳ್ಳುತ್ತವೆ. ಹಾಗೆ ಕಾಲೂರಿದವರು ಮುಂದೆ ಅರಿವಳಿಕೆ ವಿಭಾಗಕ್ಕೂ ಹೋಗಬಹುದು.

4. ಮನೆಯ ಡೌನ್ ಪೇಮೆಂಟಿಗೆ ಕೈಗಡ ಕೊಡುವ ನಾವು ಪರೀಕ್ಷೆಯ ಫೀಸಿಗೆ, ಓದಲು ಬೇಕಾದ ಆರು ತಿಂಗಳ ಮನೆಖರ್ಚಿಗೆ ಯಾಕೆ ಕೊಡಬಾರದು? ಆ ಸಾಲ ಮುಳುಗುವ ಸಾಲ ಅಲ್ಲ.

5. ನಮ್ಮ ಸಂಘಗಳಲ್ಲಿ ಸಾಫ್ಟ್‌ವೇರಿನವರ ಫೋನ್ ನಂಬರ್ ಎಲ್ಲರ ಹತ್ತಿರವೂ ಇದೆ. ನರ್ಸ್, ಫಿಸಿಯೋ, ಫಾರ್ಮಸಿ, ಲ್ಯಾಬ್, ರೆಸ್ಪಿರೇಟರಿ ಥೆರಪಿಯಲ್ಲಿ ಇಲ್ಲಿನ ಲೈಸೆನ್ಸ್ ಪಡೆದ ಕನ್ನಡಿಗರ ಪಟ್ಟಿ ಒಂದಾದರೂ ಇರಲಿ, ಅವರ ಒಪ್ಪಿಗೆ ಪಡೆದು. ಹೊಸಬರಿಗೆ ನನ್ನಂಥವನ ಉಪದೇಶಕ್ಕಿಂತ ಅವರ ಜೊತೆ ಅರ್ಧ ಗಂಟೆ ಮಾತು ಮೇಲು.

ಈಗ ನಾದಿನಿ ಜಿ.ಟಿ.ಎ.ಯ ಒಂದು ಆಸ್ಪತ್ರೆಯಲ್ಲಿ ಖಾಯಂ ಆಗಿದ್ದಾಳೆ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ, ಇಂಗ್ಲಿಷ್ ಬಾರದ ಒಬ್ಬ ಅಜ್ಜಿ ಮೂಗಿನ ಮೇಲಿನ ಮಾಸ್ಕ್ ಕಿತ್ತು ಕಿತ್ತು ಎಸೆಯುತ್ತಿದ್ದರಂತೆ. ಇವಳು ಹತ್ತಿರ ಹೋಗಿ "ಅಜ್ಜಿ, ಹೆದರಬೇಡಿ, ನಿಧಾನ ಉಸಿರು ಎಳ್ಕೊಳ್ಳಿ" ಅಂದಳಂತೆ. ಅಜ್ಜಿ ಕೈ ಹಿಡಿದುಕೊಂಡು ಮಾಸ್ಕ್ ಹಾಕಿಸಿಕೊಂಡರಂತೆ. ನಮ್ಮ ಅಪ್ಪ-ಅಮ್ಮಂದಿರೂ ಸೂಪರ್ ವೀಸಾದಲ್ಲಿ ಬಂದು ಹೋಗುತ್ತಿರುತ್ತಾರಲ್ಲ ಗೆಳೆಯರೆ, ಸ್ವಲ್ಪ ಯೋಚಿಸಿ.

ಹೋದ ತಿಂಗಳು ಹುಬ್ಬಳ್ಳಿಯಿಂದ ಪರಿಚಯದವರೊಬ್ಬರು ಫೋನ್ ಮಾಡಿದ್ದರು, ಮಗಳು ಫಿಸಿಯೋಥೆರಪಿಸ್ಟ್, ಪಿ.ಆರ್. ಬಂದಿದೆ, ಏನು ಮಾಡಲಿ ಅಂತ. ನಾಲಿಗೆ ತುದಿಗೆ ಬಂದದ್ದು ಅದೇ ಹಳೇ ಮಾತು. ನುಂಗಿಕೊಂಡೆ. "ಇನ್ನೂ ಕೆಲಸ ಬಿಟ್ಟಿಲ್ಲ ತಾನೇ? ಬಿಡಬೇಡ ಅನ್ನಿ. ಇವತ್ತೇ ಕಾಲೇಜಿಗೆ ಹೋಗಿ ಕಾಗದ ಕೇಳಲಿ" ಅಂದೆ.

ನೀವು ಮುಂದಿನ ಫೋನಿಗೆ ಏನು ಹೇಳ್ತೀರಿ?