ಕಡಿದ ಕೊಂಬೆಯ ಗಾಯಕ್ಕೆ ತಕ್ಕ ಲೇಪನ ಯಾವುದು?

ಹಣ್ಣಿನ ಮರಗಳ ಕೊಂಬೆಗಳನ್ನು ಸವರಿದ ಮೇಲೆ ಗಾಯದ ಬಾಯಿಗೆ ಏನನ್ನು ಹಚ್ಚಬೇಕೆಂಬ ಪ್ರಶ್ನೆಯು ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಭೂಮಾಲೀಕರಿಗೆ ಹೊಸದಲ್ಲ. ಒಬ್ಬರು ಸಗಣಿಯೆನ್ನುವರು, ಇನ್ನೊಬ್ಬರು ಡಾಂಬರೆನ್ನುವರು, ಮತ್ತೊಬ್ಬರು ಮೈಲುತುತ್ತು ಸುಣ್ಣಗಳ ಮುಲಾಮೆನ್ನುವರು. ಅಂಗಡಿಗಳಲ್ಲಿ ಸಿದ್ಧಪಡಿಸಿದ ಲೇಪನಗಳೂ ದೊರೆಯುತ್ತವೆ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಆರಂಭದಲ್ಲಿಯೇ ತಿಳಿಸುವುದು ಯುಕ್ತವಾಗಿದೆ. ಮರದ ಗಾಯವನ್ನು ಯಾವ ಲೇಪನವೂ ಮಾಯಿಸಲಾರದು. ಮರವು ತಾನೇ ಅದನ್ನು ಮುಚ್ಚಿಕೊಳ್ಳತಕ್ಕದ್ದು. ಆದುದರಿಂದ ಸರಿಯಾದ ಸ್ಥಳದಲ್ಲಿ ಕೊಯ್ಯುವುದು ಮೊದಲನೆಯ ಔಷಧ, ಒಣಹವೆಯಲ್ಲಿ ಕೊಯ್ಯುವುದು ಎರಡನೆಯದು, ಲೇಪನವು ಮೂರನೆಯದು. ಆದರೂ ನಮ್ಮ ಕರಾವಳಿಯ ಮಳೆಯನ್ನು ನೋಡಿದರೆ ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮನ್ನು ಹಚ್ಚುವುದೇ ಉಚಿತವೆಂದು ನಾವು ತಿಳಿಯುತ್ತೇವೆ.

ಈ ವಿಚಾರವು ಅಲ್ಪವೆಂದು ಯಾರೂ ಭಾವಿಸಬಾರದು. ಅಂಕೋಲೆಯ ಕರಿ ಇಶಾಡ ಮಾವಿನ ಕೀರ್ತಿಯನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಅದರ ತೆಳುವಾದ ಸಿಪ್ಪೆ, ತುಂಬಿದ ತಿರುಳು, ಪರಿಮಳ, ಇವುಗಳಿಗಾಗಿಯೇ ಜನರು ಬೇಸಗೆಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರ ಬುಟ್ಟಿಗಳನ್ನು ಅರಸಿಕೊಂಡು ಬರುವರು. 2023ರಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿರುವುದು. ಆದರೆ ಮಾನ್ಯತೆಯ ಪತ್ರವು ಹಣ್ಣನ್ನು ಬಿಡುವುದಿಲ್ಲ. ಹಣ್ಣು ಬಿಡುವುದು ಮರ. ಹಿರಿಯರು ನೆಟ್ಟ ಹಳೆಯ ಮರಗಳೇ ಈ ತಳಿಯ ಆಸ್ತಿಯಾಗಿವೆ. ಹೊಸ ಕಸಿಗಳಿಗೆ ಕಡ್ಡಿಯನ್ನು ಒದಗಿಸತಕ್ಕ ತಾಯಿಮರಗಳೂ ಅವೇ ಆಗಿವೆ. ಅಂತಹ ಮರವೊಂದು ಒಳಗೊಳಗೇ ಟೊಳ್ಳಾಗಿ ಜೂನ್ ತಿಂಗಳ ಗಾಳಿಗೆ ಉರುಳಿದರೆ ಆ ನಷ್ಟವನ್ನು ಒಂದು ತಲೆಮಾರಿನಲ್ಲಿ ತುಂಬುವುದು ಕಷ್ಟ. ಹಾಗೆ ಟೊಳ್ಳಾಗುವುದಕ್ಕೆ ಎಷ್ಟೋ ಸಲ ವರ್ಷಗಳ ಹಿಂದೆ ಕೆಟ್ಟದಾಗಿ ಕಡಿದ ಒಂದು ಕೊಂಬೆಯೇ ಮೂಲವಾಗಿರುತ್ತದೆ.

ಹಳೆಯ ಮರಗಳನ್ನು ಕಡಿಯದೆ ಬಿಡುವಂತೆಯೂ ಇಲ್ಲ. ಬಂದಳಿಕೆ ಹತ್ತಿದ ಕೊಂಬೆಯನ್ನು ಅದು ಬೇರೂರಿದ ಸ್ಥಳಕ್ಕಿಂತ ಕೆಳಗೆ ಕೊಯ್ದು ತೆಗೆಯಲೇಬೇಕು. ಒಣಗಿದ ಕೊಂಬೆಗಳನ್ನೂ ಒಂದರ ಮೇಲೊಂದು ಉಜ್ಜುವ ಕೊಂಬೆಗಳನ್ನೂ ತೆಗೆಯಬೇಕು. ಬಹಳ ಎತ್ತರಕ್ಕೆ ಬೆಳೆದು ಫಲ ಕಡಿಮೆಯಾದ ಮರವನ್ನು ಪುನಶ್ಚೇತನಗೊಳಿಸಲು ದೊಡ್ಡ ಕೊಂಬೆಗಳನ್ನೇ ತಗ್ಗಿಸಬೇಕಾಗುತ್ತದೆ. ಹೀಗೆ ಗಾಯವು ಅನಿವಾರ್ಯವಾದ ಮೇಲೆ ಅದರ ಉಪಚಾರವನ್ನು ತಿಳಿದಿರುವುದು ಅಗತ್ಯ.

ಗಾಯಕ್ಕೆ ಲೇಪ ಹಚ್ಚುವ ಪದ್ಧತಿಯು ನಮ್ಮಲ್ಲಿ ಬಹು ಪ್ರಾಚೀನವಾದುದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ರೋಗ ಹತ್ತಿದ ಭಾಗವನ್ನು ಮೊದಲು ಆಯುಧದಿಂದ ಶುದ್ಧಮಾಡಿ, ಅನಂತರ ವಾಯುವಿಳಂಗ, ತುಪ್ಪ, ಕೆಸರುಗಳನ್ನು ಸವರಬೇಕೆಂದು ವಿಧಿಸಿದ್ದಾನೆ. ಮೊದಲು ಶುದ್ಧಿ, ಆಮೇಲೆ ಲೇಪ ಎಂಬ ಕ್ರಮವನ್ನು ವಾಚಕರು ಗಮನಿಸಬೇಕು. ಇಂಗ್ಲೆಂಡಿನಲ್ಲಿ ರಾಜೋದ್ಯಾನಗಳ ಅಧಿಕಾರಿಯಾಗಿದ್ದ ವಿಲಿಯಂ ಫಾರ್ಸೈತ್ ಎಂಬವರು 1791ರಲ್ಲಿ ಸಗಣಿ, ಸುಣ್ಣ, ಬೂದಿ, ಮರಳುಗಳ ಲೇಪವೊಂದನ್ನು ಪ್ರಕಟಿಸಿ ಸರಕಾರದ ಪುರಸ್ಕಾರವನ್ನೂ ಪಡೆದರು. ಅಂದಿನಿಂದ ಲೇಪಗಳ ಸಂಖ್ಯೆಯು ಬೆಳೆಯುತ್ತ ಹೋಯಿತೇ ಹೊರತು ಅವುಗಳ ಫಲವನ್ನು ಮರವನ್ನು ಸೀಳಿ ನೋಡಿದವರು ವಿರಳ.

ಆ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ. ಅವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಗಾಯದ ಹಿಂದೆ ಏನಾಗುವುದೆಂಬುದನ್ನು ಪರೀಕ್ಷಿಸಿದರು. ಅವರೂ ಅವರ ಸಹೋದ್ಯೋಗಿಯೂ 13 ವರ್ಷಗಳ ಲೇಪನ ಪರೀಕ್ಷೆಗಳ ಫಲವನ್ನು 1983ರಲ್ಲಿ ಪ್ರಕಟಿಸಿದರು. ಯಾವ ಲೇಪನವೂ ಒಳಗಿನ ಕೊಳೆಯುವಿಕೆಯನ್ನು ತಡೆಯಲಿಲ್ಲವೆಂಬುದೇ ಅದರ ಸಾರ. ಇದರ ಕಾರಣವು ಹೀಗಿದೆ. ಮನುಷ್ಯನ ಮೈಯಲ್ಲಿ ಗಾಯವಾದರೆ ಅದೇ ಸ್ಥಳದಲ್ಲಿ ಹೊಸ ಮಾಂಸವು ಹುಟ್ಟುವುದು. ಮರದಲ್ಲಿ ಹಾಗಿಲ್ಲ. ಕೆಟ್ಟ ಭಾಗವನ್ನು ಮರವು ಒಳಗಿನಿಂದ ಗೋಡೆ ಕಟ್ಟಿದಂತೆ ಬೇರ್ಪಡಿಸುವುದು. ಹೊರಗಡೆ ತೊಗಟೆಯ ಅಂಚಿನಿಂದ ಹೊಸ ಅಂಗಾಂಶವು ಉಬ್ಬಿ ವರ್ಷವರ್ಷಕ್ಕೂ ಗಾಯದ ಬಾಯನ್ನು ಮುಚ್ಚುತ್ತ ಬರುವುದು. ಈ ಗೋಡೆಯು ಕೊಂಬೆಯ ಬುಡದಲ್ಲಿ ಬಳೆಯಂತೆ ಉಬ್ಬಿರುವ ಭಾಗದಲ್ಲಿ ಬಲವಾಗಿ ಏರ್ಪಡುತ್ತದೆ. ಆ ಬಳೆಯನ್ನು ಕತ್ತರಿಸಿದವನು ಮರದ ಕೋಟೆಯ ಬಾಗಿಲನ್ನೇ ಕಿತ್ತಂತಾಯಿತು.

ಆದುದರಿಂದ ಕಾಂಡಕ್ಕೆ ತಗುಲುವಂತೆ ಸಮತಟ್ಟಾಗಿ ಕಡಿಯಲೂಬಾರದು, ಗೇಣುದ್ದದ ಮೋಟನ್ನು ಬಿಡಲೂಬಾರದು. ಬಳೆಯ ಹೊರ ಅಂಚಿನಲ್ಲಿಯೇ ಕೊಯ್ಯಬೇಕು. ದೊಡ್ಡ ಕೊಂಬೆಯಾದರೆ ಮೂರು ಕೊಯ್ತಗಳು ಅವಶ್ಯ. ಮೊದಲು ಕಾಂಡದಿಂದ ಒಂದು ಮೊಳ ದೂರದಲ್ಲಿ ಕೆಳಗಡೆಯಿಂದ ಮೂರನೆಯ ಒಂದು ಪಾಲು ಕೊಯ್ಯುವುದು. ಅದಕ್ಕಿಂತ ಎರಡಂಗುಲ ಹೊರಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಕೆಡಹುವುದು. ಕೊನೆಗೆ ಉಳಿದ ಮೋಟನ್ನು ಬಳೆಯ ಹೊರಗೆ ತೆಗೆಯುವುದು. ಇದರಿಂದ ಕೊಂಬೆಯ ಭಾರಕ್ಕೆ ಕಾಂಡದ ತೊಗಟೆ ಸುಲಿದು ಬರುವುದಿಲ್ಲ. ಇದಕ್ಕೆ ಗರಗಸವೇ ಬೇಕು. ಕೊಡಲಿಯಿಂದಲೂ ಕತ್ತಿಯಿಂದಲೂ ಕೊಚ್ಚಿದ ಗಾಯದಲ್ಲಿ ಸೀಳುಗಳು ಉಳಿದು ನೀರು ನಿಲ್ಲುತ್ತದೆ.

ಇನ್ನು ಕಾಲದ ವಿಚಾರ. ಕಾರವಾರದ ತೀರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವುದು. ಅದರ ಬಹುಪಾಲು ಜೂನಿನಿಂದ ಸಪ್ಟಂಬರದೊಳಗೆ ಸುರಿಯುವುದು. ಫಲ ಇಳಿಸಿದೊಡನೆ ಸವರಬೇಕೆಂಬ ಬಯಲುಸೀಮೆಯ ನಿಯಮವನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಹಸಿಗಾಯವು ನಾಲ್ಕು ತಿಂಗಳು ನೆನೆಯುತ್ತಿರುತ್ತದೆ. ಸಣ್ಣ ರೆಂಬೆಗಳನ್ನು ಕೊಯ್ಲಿನ ಬಳಿಕ ಒಣದಿನಗಳಲ್ಲಿ ತೆಗೆಯಬಹುದು. ದೊಡ್ಡ ಕೊಂಬೆಗಳನ್ನು ಮಳೆಯು ಪೂರ್ಣವಾಗಿ ಹಿಂದೆಗೆದ ಮೇಲೆ, ಅಕ್ಟೋಬರ ನವೆಂಬರಗಳಲ್ಲಿ ಕೊಯ್ಯುವುದೇ ಈ ಸೀಮೆಗೆ ಲೇಸು. ಆ ವರ್ಷದ ಹೂವು ಸ್ವಲ್ಪ ಕಡಿಮೆಯಾದರೂ ಮರವು ಉಳಿಯುವುದು. ಒಂದೇ ವರ್ಷದಲ್ಲಿ ಮರವನ್ನು ಬೋಳು ಮಾಡದೆ, ಮೂರು ವರ್ಷಗಳಲ್ಲಿ ಭಾಗಭಾಗವಾಗಿ ತಗ್ಗಿಸುವುದು ಕ್ಷೇಮ. ಬಿಸಿಲಿಗೆ ತೆರೆದ ಕಾಂಡಕ್ಕೆ ತಿಳಿಯಾದ ಸುಣ್ಣ ಬಳಿದರೆ ತೊಗಟೆ ಸುಡುವುದಿಲ್ಲ.

ಹಾಗಾದರೆ ಲೇಪನವೇಕೆ? ಅದು ಗಾಯವನ್ನು ಮಾಯಿಸುವುದಕ್ಕಲ್ಲ. ಮರವು ತನ್ನ ಗೋಡೆಯನ್ನು ಕಟ್ಟುವವರೆಗೆ ಬೂಷ್ಟುರೋಗಗಳನ್ನು ದೂರವಿಡುವುದಕ್ಕೆ. ಮಾವಿನ ಕಾಂಡಕೊರಕ ದುಂಬಿಯು ಗಾಯಗಳಲ್ಲಿಯೂ ತೊಗಟೆಯ ಬಿರುಕುಗಳಲ್ಲಿಯೂ ಮೊಟ್ಟೆಯಿಡುವುದರಿಂದ ತೆರೆದ ಗಾಯವು ಅದಕ್ಕೆ ಆಹ್ವಾನವಿತ್ತಂತೆ ಆಗುತ್ತದೆ. ಗೇರುಮರದ ಬುಡದ ಗಾಯಗಳಿಗೂ ಇದೇ ಭಯವುಂಟು.

ಬಳಕೆಯಲ್ಲಿರುವ ಲೇಪನಗಳ ಗುಣದೋಷಗಳು ಹೀಗಿವೆ. ಡಾಂಬರು ಮೊದಲು ಗಟ್ಟಿಯಾಗಿ ಕಂಡರೂ ಬಿಸಿಲಿಗೆ ಬಿರಿಯುವುದು. ಬಿರುಕಿನೊಳಗೆ ಹೊಕ್ಕ ನೀರು ಆರದೆ ಒಳಗೇ ನಿಂತು ಕೊಳೆಯನ್ನು ಪೋಷಿಸುವುದು. ವಾಹನದಿಂದ ತೆಗೆದ ಹಳೆಯ ಎಣ್ಣೆಯು ತೊಗಟೆಯ ಜೀವಂತ ಅಂಚನ್ನೇ ಕೊಲ್ಲುವುದು. ಟೊಳ್ಳಿಗೆ ಸಿಮೆಂಟು ತುಂಬುವುದು ಇನ್ನೂ ಕೆಟ್ಟದ್ದು. ಮರವು ಗಾಳಿಗೆ ತೂಗುವುದು, ಸಿಮೆಂಟು ತೂಗುವುದಿಲ್ಲ. ನಡುವಣ ಸಂದಿನಲ್ಲಿ ನೀರು ನಿಲ್ಲುವುದು. ಈ ಮೂರನ್ನೂ ಸಂಪೂರ್ಣವಾಗಿ ವರ್ಜಿಸತಕ್ಕದ್ದು. ಸಗಣಿ ಜೇಡಿಮಣ್ಣುಗಳ ಲೇಪವು ಒಣ ತಿಂಗಳುಗಳಲ್ಲಿ ಗಾಯದ ಅಂಚು ಒಣಗದಂತೆ ಕಾಯುವುದು. ಆದರೆ ಮಳೆಗೆ ಅದು ತೊಳೆದು ಹೋಗುವುದು. ಜಪಾನಿನ ರೀತಿಯಲ್ಲಿ ಕುಂಡದೊಳಗೆ ಬೋನ್ಸಾಯ್ ಎಂಬ ಕುಬ್ಜವೃಕ್ಷಗಳನ್ನು ಬೆಳೆಸುವವರು ಬಳಸುವ ಸಿದ್ಧ ಲೇಪನಗಳ ಉದ್ದೇಶವೂ ಅಂಚನ್ನು ಹಸಿಯಾಗಿಟ್ಟು ಗಾಯದ ಗುರುತು ಕಾಣದಂತೆ ಮಾಡುವುದೇ ಆಗಿದೆ. ಅಂಗೈಯಗಲದ ಗಿಡಕ್ಕೆ ಅದು ಸಲ್ಲುವುದು. ತೋಟದ ಮರಕ್ಕೆ ಅದರ ವೆಚ್ಚವು ವ್ಯರ್ಥ.

ಉಳಿದದ್ದು ಬೋರ್ಡೋ ಮುಲಾಮು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮಿಯಾರ್ಡೆ ಎಂಬ ಪಂಡಿತರು 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಔಷಧವೇ ಇದು; ಮೈಸೂರು ಸೀಮೆಯಲ್ಲಿ ಲೆಸ್ಲಿ ಕೋಲ್ಮನ್ನರು ಇದನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಚಾರಪಡಿಸಿದರು. ಸಿಂಪಡಿಸುವ ದ್ರಾವಣಕ್ಕೂ ಮುಲಾಮಿಗೂ ಇರುವ ಭೇದವನ್ನು ಮರೆಯಬಾರದು. ಸಿಂಪಡಿಸಲು ಒಂದೊಂದು ಕಿಲೋ ಮೈಲುತುತ್ತು ಸುಣ್ಣಗಳಿಗೆ 100 ಲೀಟರ್ ನೀರು. ಮುಲಾಮಿಗೆ ಅಷ್ಟೇ ಪದಾರ್ಥಗಳಿಗೆ 10 ಲೀಟರ್ ಮಾತ್ರ. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ಕಿನ ಪಾತ್ರೆಗಳಲ್ಲಿ 5 ಲೀಟರ್ ನೀರಿನಲ್ಲಿ ಮೈಲುತುತ್ತನ್ನು ಕರಗಿಸಿ, ಬೇರೆ 5 ಲೀಟರಿನಲ್ಲಿ ಹೊಸ ಸುಣ್ಣವನ್ನು ಅರಳಿಸಿ ಸೋಸಿ, ತಣ್ಣಗಾದ ಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಉಜ್ಜಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಿದಾಗ ಕೆಂಪು ಛಾಯೆ ಕಂಡರೆ ಇನ್ನಷ್ಟು ಸುಣ್ಣವನ್ನು ಬೆರೆಸಬೇಕು. ಮಾಡಿದ ದಿನವೇ ಬಳಸತಕ್ಕದ್ದು. ಸೊನೆ ನಿಂತು ಗಾಯದ ಮುಖ ಆರಿದ ಮೇಲೆ ಕುಂಚದಿಂದ ತೆಳುವಾಗಿ ಹಚ್ಚಿ, ಮಳೆಗಾಲದ ಮುಂಚೆ ಮೇ ತಿಂಗಳಲ್ಲಿ ಇನ್ನೊಮ್ಮೆ ಹಚ್ಚುವುದು. ಎರಡಂಗುಲಕ್ಕಿಂತ ಕಿರಿದಾದ ಗಾಯಕ್ಕೆ ಏನೂ ಬೇಡ. ಮಿಕ್ಕ ಮುಲಾಮನ್ನು ಬಾವಿ, ಹಳ್ಳಗಳಿಗೆ ಚೆಲ್ಲಕೂಡದು. ತಾಮ್ರವು ಮೀನುಗಳಿಗೆ ವಿಷ.

ಕಡೆಯದಾಗಿ ಊರಿನ ಹಿರಿಯರಲ್ಲಿಯೂ ಭೂಮಾಲೀಕರಲ್ಲಿಯೂ ನಮ್ಮ ವಿಜ್ಞಾಪನೆಯೊಂದಿದೆ. ಮರ ಕಡಿಯುವವನಿಗೆ ಕಡಿದ ಸೌದೆಯನ್ನೇ ಕೂಲಿಯೆಂದು ಕೊಟ್ಟರೆ ಅವನ ಕೈ ದಪ್ಪನೆಯ ಕೊಂಬೆಗೇ ಹೋಗುವುದು ಸಹಜ. ದೋಷವು ಅವನದಲ್ಲ, ಒಪ್ಪಂದದ್ದು. ಅವನಿಗೆ ದಿನಗೂಲಿಯನ್ನು ಕೊಟ್ಟು, ಕೊಯ್ಯತಕ್ಕ ಸ್ಥಳವನ್ನು ಯಜಮಾನರೇ ಸುಣ್ಣದಿಂದ ಗುರುತಿಸಿಡಬೇಕು. ಫಲವನ್ನು ಗುತ್ತಿಗೆಗೆ ಕೊಡುವವರು ಗುತ್ತಿಗೆದಾರನು ಕೊಂಬೆಯನ್ನು ಮುರಿಯಕೂಡದೆಂಬ ಕರಾರನ್ನೂ ಬರೆಯಿಸಿಕೊಳ್ಳಬೇಕು. ಊರಿಗೆ ಒಂದೆರಡು ಒಳ್ಳೆಯ ಗರಗಸಗಳನ್ನು ಸಾಮಾನ್ಯವಾಗಿ ಕೊಂಡಿಟ್ಟು, ಇಬ್ಬರು ತರುಣರಿಗೆ ಈ ಕೆಲಸವನ್ನು ಕಲಿಸಿದರೆ ಊರಿನ ಮರಗಳೆಲ್ಲಕ್ಕೂ ಸಾಕಾಗುವುದು. ಬರುವ ಅಕ್ಟೋಬರದಲ್ಲಿ ಪ್ರತಿಯೊಬ್ಬರೂ ತಮ್ಮ ಹಳೆಯ ಇಶಾಡ ಮರದ ಸುತ್ತ ಒಮ್ಮೆ ನಡೆದು, ಹಿಂದಿನ ಗಾಯಗಳು ಮುಚ್ಚಿವೆಯೇ, ತೊಗಟೆಯಿಂದ ಮರದ ಹಿಟ್ಟು ಉದುರುತ್ತಿದೆಯೇ ಎಂದು ಪರೀಕ್ಷಿಸುವುದರಿಂದ ಈ ಕಾರ್ಯವನ್ನು ಆರಂಭಿಸಬೇಕೆಂದು ಕೋರುತ್ತೇವೆ.